ತಾಮ್ರದ ಸಮೀಕರಣ ಬಿಡಿಸಿದವರು

ವೇದಿಕೆಯ ಮೇಲಿರುವ ಅಧ್ಯಕ್ಷರಾದ ನೀಲಕಂಠಪ್ಪನವರೇ, ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಹಿಂದಿನ ಬಾಗಿಲಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ಸಹನಶೀಲ ಸಭಿಕರೇ,

ಇಂದು ನನ್ನ ನಿವೃತ್ತಿಯ ದಿನ. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಸಾಲದೆಂಬಂತೆ ಪ್ರಯೋಗಾಲಯದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಶಶಿಕಾಂತ ವಿಧಾನ’ ಎಂದು ಬರೆಸಿದ್ದೀರಿ. ಬೀಜಗಣಿತದಿಂದ ರಾಸಾಯನಿಕ ಸಮೀಕರಣ ಸರಿದೂಗಿಸುವ ಆ ವಿಧಾನವನ್ನು ಈ ಕಾಲೇಜಿಗೆ ತಂದವನು ನಾನೇ ಎಂದು ಈಗಷ್ಟೇ ಮೂವರು ಹೇಳಿದರು. ಕೇಳಲು ಹಿತವಾಗಿತ್ತು. ಆದರೆ ಅದು ನಿಜವಲ್ಲ.

ರಸಾಯನಶಾಸ್ತ್ರ ಕಲಿಸುವವನಿಗೇ ಸಮೀಕರಣ ಸರಿದೂಗಿಸಲು ಬಾರದಿರಬಹುದೇ? ಬಾರದಿರಬಹುದು, ಸಭಿಕರೇ. ನನಗೆ ಬರುತ್ತಿರಲಿಲ್ಲ. ಚಿಕ್ಕವನ್ನು ಹೇಗೋ ತಿಣುಕಿ ಮಾಡುತ್ತಿದ್ದೆ, ದೊಡ್ಡವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಕಮರಿಪೇಟೆಯ ಮನೆಯಲ್ಲಿ ನಮ್ಮಪ್ಪ ನೆರೆಯವರ ಮುಂದೆ ನನ್ನನ್ನು ನಿಲ್ಲಿಸಿ ಮಗ್ಗಿ ಹೇಳಿಸುತ್ತಿದ್ದರು. ತಪ್ಪಿದರೆ ಮೂರು ದಿನ ಮಾತು ಬಿಡುತ್ತಿದ್ದರು. ಅಂದಿನಿಂದ ‘ಗೊತ್ತಿಲ್ಲ’ ಎನ್ನಲು ನನಗೆ ಅಂಜಿಕೆ. ಇದನ್ನು ಹೇಳಬೇಕೆಂದಿರಲಿಲ್ಲ, ಬಂದುಬಿಟ್ಟಿತು.

ಹತ್ತೊಂಬತ್ತು ವರ್ಷಗಳ ಹಿಂದೆ ತರಗತಿಯಲ್ಲಿ ತಾಮ್ರ, ನೈಟ್ರಿಕ್ ಆಮ್ಲದ ಕ್ರಿಯೆಯನ್ನು ಹಲಗೆಯ ಮೇಲೆ ಬರೆದಾಗ ಕಾವೇರಿ ಎಂಬ ಹುಡುಗಿ ಎದ್ದು ನಿಂತಳು. ಅವಳ ತಂದೆ ತಾರಿಹಾಳದ ವರ್ಕ್‌ಶಾಪಿನಲ್ಲಿ ತಾಮ್ರದ ತುಣುಕುಗಳನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ತೊಳೆಯುತ್ತಿದ್ದರು. “ಸರ, ನಮ್ಮಪ್ಪ ಮಾಡೂದು ಇದ ಅಲ್ಲೇನ್ರಿ? ಸರಿದೂಗಿಸಿ ತೋರಸ್ರಿ” ಎಂದಳು. ಬಾಯಿಪಾಠ ಕೈಕೊಟ್ಟಿತು. ಸಾರಜನಕ ಸರಿಹೋದರೆ ಆಮ್ಲಜನಕ ತಪ್ಪುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. “ಇದು ನಿಮಗ ಮನಿಗೆಲಸ” ಎಂದು ಗತ್ತಿನಿಂದ ಹೇಳಿ ಹೊರಬಿದ್ದೆ.

ಸ್ಟಾಫ್ ರೂಮಿನಲ್ಲಿ ಗಣಿತದ ಸುಮಲತಾ ಮೇಡಮ್ ನಾನು ಅದೇ ಸಮೀಕರಣ ಬರೆದು ತಿಣುಕುತ್ತಿದ್ದ ಹಾಳೆಯನ್ನು ಎಳೆದುಕೊಂಡರು. “ನನಗ ರಸಾಯನಶಾಸ್ತ್ರ ಬರಂಗಿಲ್ರಿ ಸರ. ಆದ್ರ ಎರಡೂ ಕಡೆ ಸಮ ಆಗಬೇಕಂದ್ರ ಅದು ನಮ್ಮ ಲೆಕ್ಕನ ಅಲ್ಲೇನ್ರಿ?” ಎಂದರು. ಪ್ರತಿ ವಸ್ತುವಿನ ಮುಂದೆ ಒಂದು ಅಕ್ಷರ ಇಟ್ಟರು. ಪ್ರತಿ ಮೂಲವಸ್ತುವಿಗೆ ಒಂದು ಸಮೀಕರಣ ಬರೆದರು. ತಾಮ್ರವನ್ನು ಒಂದು ಎಂದು ಹಿಡಿದು ಬಿಡಿಸಿದರೆ, ಹೊರಬರುವ ಅನಿಲಕ್ಕೆ ಮೂರರಲ್ಲಿ ಎರಡು ಭಾಗ ಎಂದು ಉತ್ತರ ಬಂತು.

“ಅಣುವನ್ನ ಹಿಂಗ ಕೊಯ್ಯಾಕ ಬರಂಗಿಲ್ರಿ ಮೇಡಮ್” ಎಂದು ನಕ್ಕೆ.

“ನಗಬ್ಯಾಡ್ರಿ, ಎಲ್ಲಾದನ್ನೂ ಮೂರರಿಂದ ಗುಣಸ್ರಿ” ಎಂದರು.

ಗುಣಿಸಿದೆ. ಮೂರು, ಎಂಟು, ಮೂರು, ಎರಡು, ನಾಲ್ಕು. ಎರಡೂ ಕಡೆ ಸರಿಸಮ! ಅವರ ಚಹಾ ಇನ್ನೂ ಆರಿರಲಿಲ್ಲ.

ಮರುದಿನ ತರಗತಿಯಲ್ಲಿ ನಾನು ಏನೆಂದೆ? “ಇದು ನಾನ ಕಂಡುಹಿಡಿದ ದಾರಿ” ಎಂದೆ. ಆಗಲೇ ಕಿಟಕಿಯ ಆಚೆ ಸುಮಲತಾ ಮೇಡಮ್ ಹೋಗುತ್ತಿದ್ದರು. ಕೇಳಿಸಿಕೊಂಡು ತಮ್ಮ ತರಗತಿಗೆ ನಡೆದರು. ವರ್ಷದ ಮೇಲೆ ನಾನೇ ತಡವರಿಸುತ್ತ ಮಾತು ತೆಗೆದರೆ, “ಹುಡುಗ್ರಿಗೆ ತಿಳೀತಲ್ರಿ ಸರ, ಅಷ್ಟ ಸಾಕು” ಎಂದರು. ಬೈದಿದ್ದರೆ ಅಂದೇ ಬಿಡುಗಡೆಯಾಗುತ್ತಿತ್ತು.

ಈ ವಿಧಾನ ಲೋಕಕ್ಕೆ ಹೊಸದಲ್ಲ. ಆದರೆ ಈ ಕಾಲೇಜಿನ ಮಕ್ಕಳಿಗೆ ಅದನ್ನು ಕೊಟ್ಟವರು ಅವರು. ಎಷ್ಟು ಮಕ್ಕಳು ಸಮೀಕರಣದ ಭಯ ಬಿಟ್ಟರು! ಆ ಸಂತೋಷದಲ್ಲಿ ನನಗೂ ಪಾಲಿದೆ. ಗೋಡೆಯ ಮೇಲಿನ ಹೆಸರಿನಲ್ಲಿ ಮಾತ್ರ ಇಲ್ಲ.

ಪ್ರಾಂಶುಪಾಲರೇ, ಪೇಂಟರ್ ಹನಮೇಶನನ್ನು ನಾನೇ ಕರೆಸಿದ್ದೇನೆ, ಹೊರಗೆ ನಿಂತಿದ್ದಾನೆ. ತಾವು ಹೂಂ ಎಂದರೆ ಊಟಕ್ಕೆ ಮೊದಲೇ ಅಲ್ಲಿ ‘ಸುಮಲತಾ ವಿಧಾನ’ ಎಂದಾಗುತ್ತದೆ. ಏಣಿ ನಾನು ಹಿಡಿಯುತ್ತೇನೆ.

ಮೇಡಮ್, ಮೂರನೆಯ ಸಾಲಿನಿಂದ ಕೂಡ್ರಿ ಕೂಡ್ರಿ ಎಂದು ಕೈ ಮಾಡಬೇಡಿ. ಹತ್ತೊಂಬತ್ತು ವರ್ಷ ಕೂತೇ ಇದ್ದೆ. ತಪ್ಪಾಯಿತು. ನಿಮಗೆ ಮೊದಲ ಧನ್ಯವಾದ, ಉಳಿದವರಿಗೆ ಆಮೇಲಿನದು. ಎಲ್ಲರಿಗೂ ನಮಸ್ಕಾರ.