ಎದೆಮಟ್ಟದ ನೀರು

…ಅಲ್ಲ, ತಟ್ಟೆ ಹಾಗೇ ಇಟ್ಟಿದೀಯಲ್ಲ. ನಿಮ್ಮಕ್ಕ ಬೆಳಿಗ್ಗೆನೇ ಎದ್ದು ಮಾಡಿ ಕಳಿಸಿದ್ದು ಕಣೋ. ಮನೆಗೆ ಹೋದ ಕೂಡಲೇ "ತಮ್ಮ ತಿಂದನಾ" ಅಂತ ಕೇಳ್ತಾಳೆ, ನಾನೇನು ಹೇಳಲಿ? ಸರಿ, ಆಮೇಲೆ ತಿನ್ನು. ಇಲ್ಲೇ ಕೂತ್ಕೋತೀನಿ, ಮಂಚದ ತುದೀಲಿ.

ನಿನ್ನನ್ನ ಸದ್ಯಕ್ಕೆ ಬರಬೇಡ ಅಂದಿದಾರೆ ಅಷ್ಟೇ, ಕೆಲಸದಿಂದ ತೆಗೆದಿಲ್ಲ. ನಾಳೆ ವಿಚಾರಣೆಗೆ ಹೋಗು. "ಹುಡುಗಿ ಹೊಸಬಳು, ಅವಸರಪಟ್ಟು ಹಾರಿದಳು" ಅಂತ ಹೇಳು, ಮುಗೀತು. ಈಜು ಕಲಿಸೋನು ನೀನು, ಆ ಹೊತ್ತಲ್ಲಿ ಕೊಳದ ಆಚೆ ಕಡೆ ಮಕ್ಕಳಿಗೆ ಕೈ ಬೀಸೋದು ಹೇಳಿಕೊಡ್ತಿದ್ದೆ. ಈಚೆ ಯಾರು ಹಾರ್ತಾರೆ ಅಂತ ನೋಡೋಕೆ ಬೆನ್ನಲ್ಲೇನು ಕಣ್ಣಿರುತ್ತಾ?

ಏನು? ಅವಳು ಹೇಳಿದ್ದಾ? ಹೌದು, ನಾನೂ ಕೇಳಿದೆ. ಗೋಡೆ ಮೇಲೆ ನಾಲ್ಕು ಮೀಟರ್ ಆಳ ಅಂತಿತ್ತು, ಅದನ್ನ ನೋಡೇ ತಲೆಕೆಳಗಾಗಿ ಹಾರಿದೆ ಅಂತಾಳಂತೆ. ಪಾಪ, ಕುತ್ತಿಗೆಗೆ ಅಂಥ ಪೆಟ್ಟು ಬಿದ್ದಿದೆ, ಏನೋ ಕಂಡ ಹಾಗಾಗಿರುತ್ತೆ. ಅವತ್ತು ಸಂಜೆ ಅಧಿಕಾರಿಗಳು ಬಂದು ನೋಡಿದಾಗ ಏನಿತ್ತು? ಒಂದು ಪಾಯಿಂಟ್ ಎರಡು ಮೀಟರ್. ನೀಟಾಗಿ. ಬೋರ್ಡ್ ಬರೆಯೋ ಕೈ ಇದು, ಯಾವತ್ತಾದ್ರೂ ಅಕ್ಷರ ಸೊಟ್ಟ ಬಂದಿದೆಯಾ?

…ಹಾಗೆ ನೋಡ್ಬೇಡ ಮಾರಾಯ.

ತಪ್ಪು ಅಂತಿದ್ರೆ ಈ ಮೀಟರ್ ತಂದೋರದು. ಇಷ್ಟು ವರ್ಷ ಅಲ್ಲಿ ನಾಲ್ಕಡಿ ಅಂತಿತ್ತು, ಒಬ್ಬರಿಗಾದ್ರೂ ತರಚು ಗಾಯ ಆಗಿತ್ತಾ? ಮ್ಯಾನೇಜರ್‌ಗೆ ಇದ್ದಕ್ಕಿದ್ದ ಹಾಗೆ ಎಚ್ಚರ ಆಯ್ತು, "ಅಡಿಗಿಡಿ ಬೇಡ, ಎಲ್ಲಾ ಮೀಟರ್ ಆಗಲಿ" ಅಂದ. ನೀನೇ ಹೇಳಿದೆಯಲ್ಲ ಆಗ, ನಾನು ಬಣ್ಣ ಕಲಸ್ತಾ ಇದ್ದಾಗ… ಅಡಿ ಬಂದದ್ದು ಮನುಷ್ಯನ ಪಾದದಿಂದ, ಗೇಣು ಮೊಳ ಎಲ್ಲಾ ಕೈಯಿಂದ. ಮೀಟರ್ ಮಾತ್ರ ಯಾರ ಮೈಯಿಂದಲೂ ಬಂದಿಲ್ಲ ಭಾವ, ಭೂಮಿಯನ್ನೇ ಅಳೆದು ತಂದದ್ದು ಅಂತ. ಧ್ರುವದಿಂದ ಭೂಮಧ್ಯರೇಖೆವರೆಗಿನ ದೂರಾನ ಕೋಟಿ ಪಾಲು ಮಾಡಿ ಅದರಲ್ಲೊಂದು ಪಾಲು. ಆಮೇಲೆ ನೀನೇ ನಕ್ಕೊಂಡು, ಆ ಪಂಡಿತರ ಅಳತೇನೂ ಕೂದಲೆಳೆಯಷ್ಟು ಕಮ್ಮಿ ಬಿತ್ತು ಅಂದೆ. ನೋಡು ಮತ್ತೆ. ಭೂಮಿ ಅಳೆದೋರೇ ತಪ್ಪಿದಾರೆ. ಅವರನ್ನ ಯಾರು ಹಿಡಿದು ಕೇಳಿದರು?

ಹ್ಞೂಂ. ಕೂದಲೆಳೆಗೂ ಇದಕ್ಕೂ… ಗೊತ್ತು ಕಣೋ. ಗೊತ್ತು.

ನಾನನ್ನೋದು ಇಷ್ಟೇ. "ಎದೆಮಟ್ಟದ ನೀರು" ಅಂತ ಬರೆಸಿದ್ರೆ ಆಗ್ತಿರಲಿಲ್ವಾ? ಓದಿದೋರು ಮೊದಲು ತಮ್ಮ ಎದೆ ಮುಟ್ಟಿ ನೋಡ್ಕೋತಾರೆ. ಎದೆಮಟ್ಟ ಅಂದಮೇಲೆ ತಲೆಕೆಳಗಾಗಿ ಯಾರು ಹಾರ್ತಾರೆ? ಈ ನಾಲ್ಕು ಅನ್ನೋ ಅಂಕಿಗೆ ಏನು ಗೊತ್ತು, ತನ್ನ ಪಕ್ಕ ಅಡಿ ಕೂತಿದೆಯೋ ಮೀಟರ್ ಕೂತಿದೆಯೋ ಅಂತ? ಅದು ಇದ್ದಲ್ಲೇ ಇರುತ್ತೆ. ಪಕ್ಕದ ಮಾತೊಂದನ್ನ ಅಳಿಸಿ ಇನ್ನೊಂದು ಬರೆದ್ರೆ…

ಇಲ್ಲ, ಸುಮ್ನೆ ಹೇಳ್ದೆ. ಉದಾಹರಣೆಗೆ.

ಒಂದು ವೇಳೆ… ಒಂದು ವೇಳೆ ಅಂತೀನಿ ಅಷ್ಟೇ. ಬರೆಯೋನು ಮೊದಲು "ಅಡಿ" ಅಳಿಸಿ "ಮೀಟರ್" ಬರೆದ ಅಂತಿಟ್ಕೋ. ಅಂಕಿ ಊಟ ಆದಮೇಲೆ ತಿದ್ದಿದ್ರಾಯ್ತು, ಮಧ್ಯಾಹ್ನ ಹೇಗೂ ಕೊಳ ಮುಚ್ಚಿರುತ್ತೆ ಅಂತ ಮನೆಗೆ ಹೋದ. ಉಂಡು ಒಂದು ಗಳಿಗೆ ಒರಗಿದ, ಕಣ್ಣು ಹತ್ತಿಬಿಡ್ತು, ಏಳೋಷ್ಟರಲ್ಲಿ ಕೊಳ ತೆರೆದಾಗಿತ್ತು. ಅದು ಬೇಕಂತ ಮಾಡಿದ್ದಾ? ನಿದ್ದೆ ಬಂದದ್ದು ಅಪರಾಧನಾ? ಹೇಳು.

ಹೇಳೋ.

ಬಿಡು. ಈಗ ನಾಳೆದು ಯೋಚನೆ ಮಾಡೋಣ. ಅವತ್ತು ನೀನು ಅವಳ ಜೊತೆ ಆಂಬುಲೆನ್ಸ್‌ನಲ್ಲಿ ಹೋದೆ ಅನ್ನೋದನ್ನ ಹೇಳು, ನಿನ್ನ ಬಗ್ಗೆ ಒಳ್ಳೆ ಅಭಿಪ್ರಾಯ ಬರುತ್ತೆ. ಯಾಕೆ ತಲೆ ಅಲ್ಲಾಡಿಸ್ತೀಯ? ಹೋಗ್ಲಿಲ್ವಾ? ನಾನು ಬಂದಾಗ ಕೊಳದ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ, ನೀನೂ ಹೋಗಿದೀಯ ಅಂದ್ಕೊಂಡೆ… ಓ, ಅವರಮ್ಮ ಹೋದರಾ.

ಮತ್ತೆ ನೀನೆಲ್ಲಿದ್ದೆ?

ಬಟ್ಟೆ ಬದಲಾಯಿಸೋ ಕೋಣೇಲಾ. ಅಳ್ತಿದ್ದ ಮಕ್ಕಳನ್ನ ಸಮಾಧಾನ ಮಾಡ್ತಾ… ಆ ಕೋಣೆ ಕಿಟಕಿ ಇರೋದು… ಈಚೆ ಕಡೆಗೇ ಅಲ್ವಾ.

…

ಹಾಗಾದ್ರೆ ನೋಡಿದೀಯ.

ನಾನು ಕುಕ್ಕರಗಾಲಲ್ಲಿ ಕೂತು ಆ ನಾಲ್ಕನ್ನ ಒರೆಸಿದ್ದು, ಹೊಸ ಅಂಕಿ ಬರೆದು, ಬೇಗ ಒಣಗಲಿ ಅಂತ ರಟ್ಟು ತಗೊಂಡು ಗಾಳಿ ಬೀಸಿದ್ದು… ಎಲ್ಲಾ. ಅಧಿಕಾರಿಗಳು ನಿನ್ನನ್ನ ಅಷ್ಟು ಹೊತ್ತು ನಿಲ್ಲಿಸಿ ಕೇಳಿದ್ರೂ ತುಟಿ ಬಿಚ್ಚಲಿಲ್ಲ. ಅಕ್ಕನ ಮುಖ ನೋಡಿ ಸುಮ್ನಿದ್ದೆ, ಅಲ್ವಾ? ನಾನೇ ಬಾಯಿ ಬಿಡಲಿ ಅಂತ ಕಾದೆ. ನಾನು ನೋಡು, ಊಟದ ಡಬ್ಬಿ ಹಿಡ್ಕೊಂಡು ನಿಂಗೆ ಬುದ್ಧಿ ಹೇಳೋಕೆ ಬಂದಿದೀನಿ.

ಆ ಹುಡುಗಿ ಆವಾಗಿಂದ ನಿಜಾನೇ ಹೇಳ್ತಿದಾಳೆ. ಮಲಗಿದ ಕಡೆಯಿಂದ ತಲೆ ಎತ್ತೋಕಾಗಲ್ಲ, ಬಂದೋರಿಗೆಲ್ಲ ಅದೊಂದೇ ಮಾತು, ನಾಲ್ಕಂತಿತ್ತು, ನಾಲ್ಕಂತಿತ್ತು… ಹೆತ್ತ ತಾಯಿಯೂ ಈಗ ಹೂಂಗುಟ್ಟೋದು ಬಿಟ್ಟಿದಾರಂತೆ.

ನೀನು ನಾಳೆ ಏನೂ ಹೇಳೋದು ಬೇಡ. ನಾನೇ ಹೋಗ್ತೀನಿ. ಅದಕ್ಕೂ ಮೊದಲು, ಈಗ, ಅವರಮ್ಮನ ಹತ್ತಿರ…

ಯಾವ ವಾರ್ಡ್ ಅಂತ ಹೇಳ್ತೀಯಾ?