ನರಿ ಹೊಡೆಯಲು ಕೇಳಿದ ಬಂದೂಕು

ಈ ಸಂಜೆಯ ಅಧ್ಯಕ್ಷತೆ ವಹಿಸಿ, ನಾನು ಎದ್ದು ನಿಲ್ಲುತ್ತಿದ್ದಂತೆಯೇ ಗಡಿಯಾರ ನೋಡಿಕೊಂಡ ಮಾನ್ಯ ಬಾರ್ನಿ ಕ್ರೀಡಿಯವರೇ, ಮೆಲ್ಬರ್ನಿನಿಂದ ಇಷ್ಟು ದೂರ ತಾವೇ ಕಾರು ಓಡಿಸಿಕೊಂಡು ಬಂದಿರುವ ಮುಖ್ಯ ಅತಿಥಿ ಡಾಕ್ಟರ್ ಥಿಯೋಡೋರಾ ಪಪ್ಪಾಸ್ ಅವರೇ, ನಿವೃತ್ತರಾಗಿ ಈ ಶನಿವಾರ ನಮ್ಮನ್ನು ಬಿಟ್ಟು ಸಮುದ್ರದ ದಂಡೆಗೆ ಹೊರಟಿರುವ ಪೊಲೀಸ್ ಸಾರ್ಜೆಂಟ್ ಲಿಯೋ ಬ್ರಾನಿಗನ್ ಅವರೇ, ಲ್ಯಾಮಿಂಗ್ಟನ್ ಕೇಕಿನ ಮೇಜಿನ ಪಕ್ಕದಲ್ಲೇ ಜಾಗ ಹಿಡಿದಿರುವ ಜಾಣರೇ ಮತ್ತು ಕುರ್ರಾವಿಲ್ಲಿನ ಸಮಸ್ತ ಸಭಿಕರೇ,

ಸಾರ್ಜೆಂಟರ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನಮ್ಮೂರಿನ ಬಂದೂಕು ಸಂಘದ ಕಾರ್ಯದರ್ಶಿಯಾದ ನೋಲಾ ಫ್ಲಾವೆಲ್‌ಗೆ, ಅಂದರೆ ನನಗೆ, ಒಪ್ಪಿಸಿದ್ದಾರೆ. ನಾಲ್ಕಕ್ಕೆ ನಿಲ್ಲಿಸುವವಳು ನಾನಲ್ಲ ಎಂಬುದು ಗೊತ್ತಿದ್ದೂ ಒಪ್ಪಿಸಿದ್ದಾರೆ. ತಪ್ಪು ನನ್ನದಲ್ಲ.

ಡಾಕ್ಟರ್ ಪಪ್ಪಾಸ್ ಈಗಷ್ಟೇ ಗೋಡೆಯ ಮೇಲಿನ ನಕ್ಷೆಯಲ್ಲಿ ಎರಡು ಗೆರೆ ತೋರಿಸಿದರು. ಒಂದು, ಜನರ ಬಳಿ ಇರುವ ಬಂದೂಕುಗಳದು. ಇನ್ನೊಂದು, ಹೊಡೆದಾಟ, ಕೊಲೆಗಳದು. ಸರ್ಕಾರ ಕಾನೂನು ಬಿಗಿ ಮಾಡಿ, ಬಂದೂಕುಗಳನ್ನು ಕೊಂಡು ಪುಡಿ ಮಾಡಿದ ಮೇಲೆ ದೇಶದಲ್ಲಿ ಬಂದೂಕಿನ ಸಾವುಗಳು ಇಳಿದವು, ಅದರಲ್ಲಿ ಕಾನೂನಿನ ಪಾಲೆಷ್ಟು ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ ಎಂದರು. ಆಮೇಲೆ ನಮ್ಮ ಜಿಲ್ಲೆಗೆ ಬಂದರು. "ನಿಮ್ಮದೇ ನನಗೆ ಒಗಟು. ಬಂದೂಕು ಇಷ್ಟು ಹೆಚ್ಚು, ಅಪರಾಧ ಇಷ್ಟು ಕಡಿಮೆ!" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಮ್ಮ ಸಂಘದವರಂತೂ ಬೂಟುಗಾಲಿನಲ್ಲಿ ನೆಲ ಕುಟ್ಟಿದರು. ನಾನೂ ತಟ್ಟಿದೆ. ಆದರೆ ಸಾರ್ಜೆಂಟ್ ಬ್ರಾನಿಗನ್ ತಟ್ಟಲಿಲ್ಲ. ಅವರನ್ನು ನೋಡಿ ನನ್ನ ಕೈಯೂ ನಿಂತಿತು. ಬಂದೂಕು ಹೆಚ್ಚಿರುವುದರಿಂದಲೇ ನಮ್ಮೂರು ನೆಮ್ಮದಿಯಾಗಿದೆಯೇ? ನಿಜವಾಗಿಯೂ ಹಾಗೆಂದು ನಂಬಿದ್ದೀರಾ?

ಡಾಕ್ಟರೇ, ನಮ್ಮಲ್ಲೊಂದು ರೂಢಿ ಇದೆ. ಅದು ನಿಮ್ಮ ಗೆರೆಗಳಲ್ಲಿ ಕಾಣುವಂಥದ್ದಲ್ಲ. ಒಬ್ಬನ ಹೆಂಡತಿ ಬಿಟ್ಟು ಹೋದಳು ಎನ್ನಿ. ಅಥವಾ ಒಬ್ಬ ಬೆಳಿಗ್ಗೆಯೇ ಕುಡಿಯಲು ಶುರು ಮಾಡಿದ, ಅವನ ಹೆಂಡತಿ ಬಿಸಿಲಿಲ್ಲದ ದಿನವೂ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದಳು ಎನ್ನಿ. ಆಗ ನೆರೆಯವನು ಅವನ ಬಾಗಿಲಿಗೆ ಹೋಗುತ್ತಾನೆ.

"ಏನಯ್ಯಾ, ನರಿ ಕಾಟ ವಿಪರೀತ ಆಗ್ಬಿಟ್ಟಿದೆ. ನನ್ನ ಬಂದೂಕು ಕೆಟ್ಟು ಕೂತಿದೆ. ನಿಂದು ಕೊಟ್ಟಿರು."

"ನಿನ್ನ ಕುರಿನೆಲ್ಲ ಹೋದ ತಿಂಗಳೇ ಮಾರಿದ್ಯಲ್ಲೋ?"

"ಪಕ್ಕದವನ ಕುರಿ ಕಣಯ್ಯಾ. ಕೊಡು, ಕೊಡು."

ಕೇಳಿದವನಿಗೂ ಗೊತ್ತು, ಕೊಟ್ಟವನಿಗೂ ಗೊತ್ತು. ಇಬ್ಬರೂ ನರಿಯ ವಿಷಯವನ್ನೇ ಮಾತಾಡಿ ಮುಗಿಸುತ್ತಾರೆ. ವಾಪಸ್ಸು ಯಾವಾಗ? ಕೊಟ್ಟವನೇ ಒಂದು ದಿನ ಬಂದು, "ನರಿ ಮುಗೀತಾ?" ಎಂದು ಕೇಳಬೇಕು. ಒಯ್ದವನು ಅವನ ಮುಖ ನೋಡಿ, ಅವನ ಹೆಂಡತಿಯ ಮುಖವನ್ನೂ ನೋಡಿ, ಮುಗಿಯಿತೋ ಇಲ್ಲವೋ ಹೇಳಬೇಕು. ಜಿಲ್ಲೆಯ ಲೆಕ್ಕದಲ್ಲಿ ಬಂದೂಕು ಇದ್ದಷ್ಟೇ ಇರುತ್ತದೆ. ಇರಬಾರದ ಮನೆಯಲ್ಲಿ ಮಾತ್ರ ಇರುವುದಿಲ್ಲ. ಇದು ಕಾನೂನಿಗೆ ಸರಿಯೇ ಎಂದು ಕೇಳಬೇಡಿ, ಪೊಲೀಸರು ವೇದಿಕೆಯ ಮೇಲಿದ್ದಾರೆ.

ನಿಮ್ಮ ಗೆರೆಯಲ್ಲಿ ಒಂದು ವರ್ಷ ಸಣ್ಣದೊಂದು ಉಬ್ಬು ಇತ್ತು. "ಇದು ಒಂದೇ ಘಟನೆ, ಒಂದರಿಂದ ಏನೂ ತೀರ್ಮಾನಿಸಲಾಗದು" ಎಂದಿರಿ. ಲೆಕ್ಕಶಾಸ್ತ್ರದ ಪ್ರಕಾರ ನೀವು ಹೇಳಿದ್ದು ಸರಿ. ಆ ಒಂದರ ಹೆಸರು ರೋಸಲಿಂಡ್ ಪೆಟ್ಟಿಫರ್. ನನ್ನ ಬೆನ್ನ ಹಿಂದಿರುವ ಈ ಪರದೆಯನ್ನು ಹೊಲಿದುಕೊಟ್ಟವಳು ಅವಳೇ.

ಅವಳ ಗಂಡ ಡಡ್ಲಿ ನಮ್ಮ ಸಂಘದಲ್ಲೇ ಒಳ್ಳೆಯ ಗುರಿಗಾರ. ಕುಡಿತ ಹೆಚ್ಚಾಯಿತು, ಕೈ ಎತ್ತುವುದೂ ಹೆಚ್ಚಾಯಿತು. ಊರಿನವರು ಸೇರಿ, ಅವನ ಬಂದೂಕು ಕೇಳಲು ನನ್ನ ಗಂಡ ಕ್ಲೆಮ್‌ನನ್ನು ಕಳಿಸಿದರು. ಕ್ಲೆಮ್ ನನ್ನನ್ನು ಮದುವೆಯಾಗಿ ಆಗಷ್ಟೇ ಪಟ್ಟಣದಿಂದ ಬಂದಿದ್ದ ಹೊಸಬ. ನಯವಾದ ಮನುಷ್ಯ, ಸ್ವಂತ ಅಡುಗೆಮನೆಗೂ ಬಾಗಿಲು ತಟ್ಟಿ ಬರುತ್ತಿದ್ದ. "ನರಿಗೆ ಅಂತ ಕೇಳಿ ತಗೊಂಡು ಬಾ" ಎಂದರು, ತಂದ. ಯಾಕೆ ಎಂದು ಯಾರೂ ಹೇಳಲಿಲ್ಲ. ಹೇಳುವ ರೂಢಿಯೇ ಇರಲಿಲ್ಲವಲ್ಲ! ಕ್ಲೆಮ್ ಹೊಲಗಳಲ್ಲಿ ನಿಜವಾದ ನರಿಯನ್ನೇ ಹುಡುಕಿ ಅಲೆದ. ಒಂದನ್ನು ಹೊಡೆದ ಕೂಡ. ಮುಂದಿನ ವಾರ ಬಂದೂಕನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಾಕಿ, ಜೊತೆಗೆ ಒಂದು ಬಾಟಲಿ ಪ್ಲಮ್ ಜಾಮ್ ಇಟ್ಟು, ಡಡ್ಲಿಗೆ ವಾಪಸ್ಸು ಕೊಟ್ಟು ಬಂದ. ಎರವಲು ತಂದದ್ದನ್ನು ಹಾಗೆಯೇ ಅಲ್ಲವೇ ಹಿಂದಿರುಗಿಸುವುದು?

ಆ ಶುಕ್ರವಾರ ರೋಸಲಿಂಡ್ ಸತ್ತಳು.

ಕುರ್ಚಿಗಳು ಕಿರುಗುಟ್ಟುತ್ತಿವೆ. ಕಿರುಗುಟ್ಟಲಿ. ಇದನ್ನು ಯಾರೂ ಇಷ್ಟು ವರ್ಷ ಗಟ್ಟಿಯಾಗಿ ಆಡಿಲ್ಲ. "ನನಗೆ ಒಬ್ರಾದ್ರೂ ಹೇಳಬಾರದಿತ್ತಾ, ನೋಲಾ?" ಎಂದು ಕ್ಲೆಮ್ ಕೇಳಿದ್ದ. ಆಮೇಲೆ ಅವನು ಜಾಮ್ ತಿನ್ನಲಿಲ್ಲ. ಅಷ್ಟು ಬಿಟ್ಟರೆ ನಾವು ಚೆನ್ನಾಗಿಯೇ ಬದುಕಿದೆವು.

ಮರುವರ್ಷ ಬ್ರಾನಿಗನ್ ಬಂದರು. ಹಾಂ, ಇವತ್ತಿನ ಸಭೆ ಅವರದು, ನಾನು ಮರೆತಿಲ್ಲ. ಅವರೂ ನರಿಯ ಹೆಸರಿನಲ್ಲೇ ಹೋಗುತ್ತಿದ್ದರು. ಭಾನುವಾರ, ಸಮವಸ್ತ್ರ ಇಲ್ಲದೆ, ತಮ್ಮ ಆ ಸೋಮಾರಿ ನಾಯಿಯನ್ನು ಕರೆದುಕೊಂಡು. ಆದರೆ ಅದಕ್ಕೂ ಮೊದಲು ಆ ಮನೆಯ ಹೆಂಗಸನ್ನು ಕಂಡು, "ಅವನು ಕೈ ಮಾಡ್ತಾನೇನಮ್ಮಾ?" ಎಂದು ನೇರವಾಗಿ ಕೇಳುತ್ತಿದ್ದರು. ತಂದ ಬಂದೂಕನ್ನು ಠಾಣೆಯ ಕಬ್ಬಿಣದ ಕಪಾಟಿನಲ್ಲಿ ಇಡುತ್ತಿದ್ದರು. ಬೈಸಿಕೊಂಡರು. ಈ ಸಭೆಯಲ್ಲಿರುವ ಕೆಲವರಿಂದಲೇ ಬೈಸಿಕೊಂಡರು, ಹೆಸರು ಬೇಡ. ನಾನೂ ಒಮ್ಮೆ ಸಂಘದ ಪರವಾಗಿ ರೇಗಾಡಿದ್ದೆ. "ಜಿಲ್ಲೆಯಲ್ಲಿ ಬಂದೂಕು ಎಷ್ಟಿದೆ ಅಂತ ಮೇಲಿನವರು ಎಣಿಸ್ಲಿ, ನೋಲಾ. ಇವತ್ತು ಯಾರ ಮನೇಲಿದೆ ಅನ್ನೋದು ನನ್ನ ಚಿಂತೆ" ಎಂದಿದ್ದರು.

ಈ ಮಾರ್ಚಿನಲ್ಲಿ ಕ್ಲೆಮ್ ತೀರಿಕೊಂಡ. ಹೃದಯದ ಕಾಯಿಲೆ. ನೀವೆಲ್ಲ ಬಂದಿದ್ದಿರಿ, ಊಟ ತಂದಿದ್ದಿರಿ, ನಿಮ್ಮ ಪಾತ್ರೆಗಳು ಇನ್ನೂ ನನ್ನ ಮನೆಯಲ್ಲೇ ಇವೆ. ಆಮೇಲೆ ನಾನು ಗಟ್ಟಿಯಾಗಿಯೇ ಇದ್ದೆ. ಸಂಘದ ಪಂದ್ಯ ನಡೆಸಿದೆ. ನಮ್ಮ ನಾಯಿಯನ್ನು ಪಕ್ಕದ ಮನೆಯ ಮ್ಯಾವಿಸ್ ಟ್ರೆಂಬಾತ್‌ಗೆ ಕೊಟ್ಟೆ. ಕೋಳಿಗಳನ್ನೂ ಅವಳಿಗೇ ಕೊಟ್ಟೆ. ಮನೆಯನ್ನೆಲ್ಲ ಒಪ್ಪವಾಗಿ ಜೋಡಿಸಿದೆ. ಮನಸ್ಸು ಹಗುರವಾಗಿತ್ತು. ಮ್ಯಾವಿಸ್ ಕೋಳಿಗಳನ್ನು ಗೂಡಿಗೆ ಬಿಟ್ಟು ನೇರ ಠಾಣೆಗೆ ಹೋದಳು.

ಭಾನುವಾರ ಸಾರ್ಜೆಂಟರು ತಮ್ಮ ನಾಯಿಯೊಂದಿಗೆ ಬಾಗಿಲಲ್ಲಿ ನಿಂತಿದ್ದರು.

"ನರಿ ಕಾಟ, ನೋಲಾ."

"ನಿಮಗೆ ಕುರೀನೇ ಇಲ್ಲವಲ್ಲ, ಸಾರ್ಜೆಂಟ್?"

"ಇಲ್ಲ. ನರೀನೂ ಇಲ್ಲ. ನೀವು ಸಾಯಬಾರದು ಅಂತ ಕೇಳ್ತಿದೀನಿ. ಬಂದೂಕು ಕೊಡಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂದೂಕು ಸಂಘದ ಕಾರ್ಯದರ್ಶಿಯ ಮನೆ ಬಾಗಿಲಲ್ಲಿ ನಿಂತು ಇಂಥ ಮಾತೇ? ಬೇಕಾದಷ್ಟು ಬೈದೆ. ಬೈಯುತ್ತಲೇ ಒಳಗೆ ಹೋದೆ, ತಂದುಕೊಟ್ಟೆ. ಇದನ್ನು ಇಲ್ಲಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ. ಸಾರ್ಜೆಂಟರ ಮೀನುಗಾರಿಕೆಯ ಬಗ್ಗೆ ಎರಡು ತಮಾಷೆ ಹೇಳಿ ಕುಳಿತುಕೊಳ್ಳುವವಳಿದ್ದೆ.

ಈಗ ಸಂಗತಿ ಏನೆಂದರೆ, ಹೊಸ ಸಾರ್ಜೆಂಟರು ಬರುವ ಮೊದಲು ಆ ಕಪಾಟು ಖಾಲಿಯಾಗಬೇಕು. ಸಭೆ ಶುರುವಾಗುವ ಮೊದಲು ಬ್ರಾನಿಗನ್ ನನ್ನ ಬಳಿ ಬಂದರು. "ನಿಮ್ಮದೊಂದೇ ಉಳಿದಿದೆ. ಮನೆಗೆ ತಂದುಕೊಡ್ಲಾ?" ಎಂದರು. "ನರಿ ಮುಗೀತಾ?" ಎಂದೆ. "ಅದನ್ನ ನೀವೇ ಹೇಳಬೇಕು" ಎಂದರು. ನಾನು ಚಹಾದ ಲೋಟಗಳನ್ನು ಜೋಡಿಸಲು ಹೋದೆ.

ಉತ್ತರ ಈಗ ಕೊಡುತ್ತೇನೆ. ಸಾರ್ಜೆಂಟ್, ಮುಗಿದಿಲ್ಲ. ಬಂದೂಕು ನನ್ನ ಮನೆಗೆ ಬೇಡ. ಮ್ಯಾವಿಸ್‌ಗೆ ಕೊಡಿ. ಅವಳ ಬಳಿ ಲೈಸೆನ್ಸ್ ಇದೆ, ಬೀಗ ಹಾಕುವ ಕಪಾಟಿದೆ. ಬೇಕಾದ ಕಾಗದಗಳನ್ನು ನಾಳೆಯೇ ಮಾಡಿಸಿ. ಮ್ಯಾವಿಸ್, ಅಳಬೇಡ ಕಣೇ, ಎಲ್ಲರೂ ನೋಡುತ್ತಿದ್ದಾರೆ. ಒಂದು ದಿನ ನಾನೇ ಬಂದು ಕೇಳುತ್ತೇನೆ. ಆಗ ನನ್ನ ಮುಖ ನೋಡಿ ಉತ್ತರ ಹೇಳು. ಸಂಘದ ಕಾರ್ಯದರ್ಶಿ ಎಂಬ ಮುಲಾಜು ಬೇಡ. ಮತ್ತೆ ನನ್ನ ನಾಯಿಯನ್ನು ಮಾತ್ರ ನಾಳೆಯೇ ಕಳಿಸಿಕೊಡು, ಅದಿಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಡಾಕ್ಟರ್ ಪಪ್ಪಾಸ್, ಈ ವರ್ಷವೂ ನಮ್ಮ ಜಿಲ್ಲೆಯ ಬಂದೂಕಿನ ಲೆಕ್ಕದಲ್ಲಿ ಏನೂ ಬದಲಾವಣೆ ಇಲ್ಲ, ಹಾಗೆಯೇ ಬರೆದುಕೊಳ್ಳಿ. ಇಷ್ಟು ಹೊತ್ತು ತಡೆದುಕೊಂಡ ಅಧ್ಯಕ್ಷರಿಗೂ, ಕೇಕಿಗೆ ಇನ್ನೂ ಕೈ ಹಾಕದ ಹಿಂದಿನ ಸಾಲಿನವರಿಗೂ, ಸುಳ್ಳು ಹೇಳದೆ ನನ್ನ ಬಂದೂಕು ಕೇಳಿದ ಸಾರ್ಜೆಂಟರಿಗೂ ವಂದನೆಗಳು. ನಿಮ್ಮ ನಿಮ್ಮ ಪಾತ್ರೆಗಳನ್ನು ಬಂದು ತೆಗೆದುಕೊಂಡು ಹೋಗಿ. ನಾಳೆ ಬನ್ನಿ, ನಾಡಿದ್ದು ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ. ನಮಸ್ಕಾರ.