ಹಿಂದಿನ ಎಡ ಮಡ್‌ಗಾರ್ಡಿನ ಬಣ್ಣ ಕೆರೆದ ಬಗ್ಗೆ

ಶೆಡ್ಡುಗಳ ಬೀದಿಯಲ್ಲಿ ಎಲ್ಲರೂ ಸುತ್ತಿಗೆ ಮೇಸ್ತ್ರಿ ಎಂದು ಕರೆಯುವ, ವಯಸ್ಸು 58 ವರ್ಷ, ಕಸುಬು ಕಾರಿನ ಬಾಡಿ ರಿಪೇರಿ ಅಂದರೆ ಟಿಂಕರಿಂಗ್, ವಾಸ ಅದೇ ಬೀದಿಯಲ್ಲಿರುವ ನನ್ನ ಶೆಡ್ಡಿನ ಮೇಲಿನ ಮನೆ, ಆದ ನಾನು ಈ ದಿನ ಬೆಳಿಗ್ಗೆ 9 ಗಂಟೆಗೆ ಯಾರೂ ಕರೆಯದೆ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನನಗೆ ಹೆಂಡತಿ ಮತ್ತು ಒಬ್ಬಳೇ ಮಗಳು ಇರುತ್ತಾರೆ. ಮಗಳನ್ನು ನನ್ನ ಬಳಿಯೇ ಕೆಲಸ ಕಲಿತವನಿಗೆ ಮದುವೆ ಮಾಡಿಕೊಟ್ಟಿದ್ದೇನೆ. ಮದುವೆಯಾದ ಮರುವರ್ಷ ಅಳಿಯನು ನನ್ನ ಶೆಡ್ಡಿನ ಎದುರಿಗೇ ಸ್ವಂತ ಶೆಡ್ಡು ಹಾಕಿದನು. ನಡುವೆ ಇರುವುದು ಇಪ್ಪತ್ತು ಅಡಿ ರಸ್ತೆ. ಹಾಕುವ ಮೊದಲು ನನ್ನನ್ನು ಕೇಳಿದನು, ನಾನು ಒಪ್ಪಿದೆನು. ಬೇಡ ಎನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ.

ಅಲ್ಲಿಂದೀಚೆಗೆ ನನ್ನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಅಳಿಯಂದಿರು ಇದ್ದಾರಾ ಎಂದು ಕೇಳುವವರು ಹೆಚ್ಚಾದರು. ನಾನು ಎದುರಿಗೆ ಕೈ ತೋರಿಸುತ್ತಿದ್ದೆನು. ಮೊದಲೆಲ್ಲ ನನಗೆ ಟೀ ತರುತ್ತಿದ್ದ ಮಗಳು ಈಗ ಫ್ಲಾಸ್ಕ್ ಹಿಡಿದು ಮೊದಲು ಆ ಕಡೆಗೆ ಹೋಗಿ, ಆಮೇಲೆ ಉಳಿದದ್ದನ್ನು ನನಗೆ ತರುತ್ತಾಳೆ. ಟೀ ಆರಿರುವುದಿಲ್ಲ. ಆದರೂ ಇದನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಪ್ರಕರಣದ ಕಾರು ಹಲ್ಲಿನ ಡಾಕ್ಟರಮ್ಮನವರದು. ಅವರ ತಂದೆ ಓಡಿಸುತ್ತಿದ್ದ, ಗುಂಡನೆಯ ಮಡ್‌ಗಾರ್ಡುಗಳ ಹಳೇ ಕಾರು. ಹದಿನೆಂಟು ವರ್ಷ ಅದರ ಡೆಂಟು, ಗೀರು ಎಲ್ಲವನ್ನೂ ನಾನೇ ತೆಗೆದಿದ್ದೇನೆ. ಹೋದ ವರ್ಷ ಅವರು ಅದನ್ನು ಮೊದಲಿನಂತೆಯೇ ಮಾಡಿಸಬೇಕೆಂದು ತಂದಾಗ, ಹಿಂದಿನ ಎಡ ಮಡ್‌ಗಾರ್ಡಿನ ಕೆಳಭಾಗವನ್ನು ತುಕ್ಕು ತಿಂದಿತ್ತು. ಬೆರಳಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಇದು ಉಳಿಯುವುದಿಲ್ಲ, ಬೇರೆ ಕಾರಿನದ್ದನ್ನು ಹುಡುಕಿ ಕೂರಿಸಬೇಕು ಎಂದು ನಾನು ಹೇಳಿದೆನು. ಡಾಕ್ಟರಮ್ಮ, ಅಪ್ಪ ಕೈಯಿಟ್ಟು ಒರೆಸುತ್ತಿದ್ದ ತಗಡೇ ಬೇಕು ಎಂದರು. ಆಗುವುದಿಲ್ಲ ಎಂದೆನು. ಅವರು ರಸ್ತೆ ದಾಟಿ ಅಳಿಯನನ್ನು ಕೇಳಿದರು. ಅವನು ನನ್ನ ಶೆಡ್ಡಿಗೆ ಬಂದು ಕಾರಿನ ಕೆಳಗೆ ಮಲಗಿ ನೋಡಿ ಎದ್ದು, ಟೈಮ್ ಹಿಡಿಯುತ್ತೆ ಆದರೆ ಮಾಡಬಹುದು ಎಂದನು. ಆ ಸಂಜೆಯೇ ನನ್ನ ಶೆಡ್ಡಿನಿಂದ ಆ ಶೆಡ್ಡಿಗೆ ಕಾರನ್ನು ತಳ್ಳಿಕೊಂಡು ಹೋದರು. ಇಳಿಜಾರಿದ್ದ ಕಾರಣ ಇಬ್ಬರೇ ಸಾಕಾದರು. ನಾನು ಕೈ ಹಾಕಲಿಲ್ಲ.

ಕೆಲಸ ಏಳು ತಿಂಗಳು ನಡೆಯಿತು. ನಾನು ನನ್ನ ಶೆಡ್ಡಿನಲ್ಲಿ ಕುಳಿತು ಅವನ ಸುತ್ತಿಗೆಯ ಸದ್ದು ಕೇಳುತ್ತಿದ್ದೆನು. ಸದ್ದು ಕೇಳಿಯೇ ಪೆಟ್ಟು ಸರಿಬಿತ್ತೋ ಇಲ್ಲವೋ ಹೇಳಬಲ್ಲೆ. ಒಂದು ಪೆಟ್ಟಾದರೂ ತಪ್ಪಲಿ ಎಂದು ಕಾಯುತ್ತಿದ್ದೆನು. ಊಟಕ್ಕೆ ಕುಳಿತಾಗಲೂ ಅದೇ ಮಾತು ಆಡುತ್ತಿದ್ದೆನು. ಅವನು ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದು ಡಾಕ್ಟರಮ್ಮನ ಕಣ್ಣಿಗೆ ಮಣ್ಣೆರಚುತ್ತಾನೆ ಎಂದಾಗ ನನ್ನ ಹೆಂಡತಿ, "ನಿಮ್ಮ ಹೊಟ್ಟೇಲೇ ವೆಲ್ಡಿಂಗ್ ನಡೀತಿದೆ, ಸ್ವಲ್ಪ ಮಜ್ಜಿಗೆ ಹಾಕ್ಕೊಳಿ" ಎಂದಳು. ಮಗಳು ಅಂದು ನಮ್ಮ ಮನೆಯಲ್ಲೇ ಇದ್ದಳು. ನಗಲಿಲ್ಲ.

ಮೊನ್ನೆ ಕಾರಿಗೆ ಕೊನೆಯ ಕೋಟು ಬಿತ್ತು. ಕಡು ಹಸಿರು ಬಣ್ಣ. ನಿನ್ನೆ ಬೆಳಿಗ್ಗೆ ಸುಮಾರು 10 ಗಂಟೆಗೆ ಅಳಿಯನು ನನ್ನ ಶೆಡ್ಡಿಗೆ ಬಂದು, "ಮಾವ, ಬಾಗಿಲಿನ ರಬ್ಬರ್ ತರೋಕೆ ಹೋಗ್ತಿದೀನಿ, ಸ್ವಲ್ಪ ನನ್ನ ಶೆಡ್ ಕಡೆ ಕಣ್ಣಿಟ್ಟಿರಿ" ಎಂದು ಹೇಳಿ ಸ್ಕೂಟರಿನಲ್ಲಿ ಹೋದನು. ನಾನು ಆಗಲಿ ಎಂದೆನು.

ಅವನು ತಿರುವು ದಾಟಿದ ಮೇಲೆ ನಾನು ಅಯಸ್ಕಾಂತದ ತುಂಡೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆ ಶೆಡ್ಡಿಗೆ ಹೋದೆನು. ಪುಟ್ಟಿ ದಪ್ಪವಾಗಿ ಮೆತ್ತಿದ ಕಡೆ ಅಯಸ್ಕಾಂತ ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಮಡ್‌ಗಾರ್ಡಿನ ಕೆಳಭಾಗಕ್ಕೆ ಹಿಡಿದೆನು. ನಿಂತಿತು. ಸರಿಸಿ ಸರಿಸಿ ನೋಡಿದೆನು. ಎಲ್ಲ ಕಡೆಯೂ ನಿಂತಿತು. ಅಲ್ಲಿಗೇ ಬಿಟ್ಟು ಬರಬಹುದಿತ್ತು. ಆದರೆ ತುಕ್ಕಿನ ಮೇಲೆ ತೆಳು ತಗಡು ಅಂಟಿಸಿದರೂ ಅಯಸ್ಕಾಂತ ನಿಲ್ಲುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆನು.

ಅವನ ಕಪಾಟಿನಲ್ಲಿದ್ದ ಪೇಂಟ್ ರಿಮೂವರ್ ಡಬ್ಬಿ ತೆಗೆದು ಬ್ರಶ್ಶಿನಿಂದ ಮಡ್‌ಗಾರ್ಡಿಗೆ ಬಳಿದೆನು. ಹತ್ತು ನಿಮಿಷದಲ್ಲಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿತು. ಸ್ಕ್ರೇಪರಿನಿಂದ ಕೆರೆದೆನು. ಹಸಿರು ಹೋಗಿ ಬೂದು ಪ್ರೈಮರ್ ಬಂತು. ಮತ್ತೆ ಬಳಿದು ಕೆರೆದೆನು. ಪುಟ್ಟಿ ಕಾಗದದಷ್ಟು ತೆಳುವಾಗಿತ್ತು. ಅದರ ಕೆಳಗೆ ತಗಡು ಬಂತು.

ತುಕ್ಕು ಇರಲಿಲ್ಲ. ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ, ಹೊಸ ತಗಡನ್ನು ಕೈಯಿಂದಲೇ ಬಗ್ಗಿಸಿ, ಬೆಸೆದು, ಒಳಗಿನ ಇಕ್ಕಟ್ಟಿನಲ್ಲಿ ಕಬ್ಬಿಣದ ಗುಂಡು ಒತ್ತಿ ಹಿಡಿದು ಹೊರಗಿನಿಂದ ಬಡಿದು ಸಮ ಮಾಡಿದ್ದನು. ಬೆಸುಗೆಯ ಜಾಗದಲ್ಲಿ ಕೂದಲೆಳೆಯಷ್ಟು ನೀಲಿ ಗೆರೆ ಮಾತ್ರ ಇತ್ತು. ನಾನು ಕಣ್ಣು ಮುಚ್ಚಿ ಬೆರಳಾಡಿಸಿದೆನು. ಹಳೇ ತಗಡು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ಆಮೇಲೆ ನೆಲದ ಮೇಲೆ ಮಲಗಿ, ಯಾರೂ ಬಗ್ಗಿ ನೋಡದ ಒಳಮೈಯನ್ನೂ ನೋಡಿದೆನು. ಅಲ್ಲಿಯೂ ಹಾಗೆಯೇ ಇತ್ತು. ಎದ್ದು ಇನ್ನೂ ಒಂದು ಅಡಿ ಕೆರೆದೆನು. ಅದು ಏಕೆಂದು ತನಿಖಾಧಿಕಾರಿಗಳು ಕೇಳಿದ್ದಾರೆ. ಒಂದಾದರೂ ತಪ್ಪು ಸಿಗದೆ ನಿಲ್ಲಿಸಲು ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಅಳಿಯನು ಬಂದು ಬಾಗಿಲಲ್ಲಿ ನಿಂತಿದ್ದನು. ಅವನ ತೋಳಿನಲ್ಲಿ ರಬ್ಬರಿನ ಸುರುಳಿ ಇತ್ತು. ಅವನು ಕಾರಿನ ಕಡೆ ನೋಡಿ, ನಂತರ ನನ್ನ ಕೈ ನೋಡಿದನು. ನಾನು ಗ್ಲೌಸ್ ಹಾಕಿರಲಿಲ್ಲ. ಬೆರಳುಗಳ ಸಂದಿಯಲ್ಲಿ ಚರ್ಮ ಕೆಂಪಾಗಿ ಎದ್ದಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ.

"ಮಾವ, ಮೊದಲು ಕೈ ತೊಳ್ಕೊಳಿ" ಎಂದು ಹೇಳಿ ನನ್ನನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ, ತಾನೇ ನೀರು ಬಿಟ್ಟು ಬಹಳ ಹೊತ್ತು ನನ್ನ ಮಣಿಕಟ್ಟು ಹಿಡಿದುಕೊಂಡಿದ್ದನು. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. "ಸಿಕ್ತಾ?" ಎಂದು ಮಾತ್ರ ಕೇಳಿದನು.

ಮಧ್ಯಾಹ್ನ 12 ಗಂಟೆಗೆ ಡಾಕ್ಟರಮ್ಮ ಕಾರು ನೋಡಲು ಬಂದರು. ಕೆರೆದ ಮಡ್‌ಗಾರ್ಡನ್ನು ನೋಡಿ ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಂತರ ಪೊಲೀಸರಿಗೆ ಫೋನ್ ಮಾಡಿದರು. ಪೇದೆಯವರು ಬಂದು ವಿಚಾರಿಸಿದಾಗ ಅಳಿಯನು, ಬೆಸುಗೆಯ ಬಗ್ಗೆ ತನಗೇ ಅನುಮಾನ ಬಂದಿತ್ತು, ಬಣ್ಣ ಕೆರೆದು ನೋಡಲು ಮಾವನಿಗೆ ಹೇಳಿದ್ದು ತಾನೇ ಎಂದು ಬರೆಸಿದನು. ನಾನು ಪಕ್ಕದಲ್ಲೇ ನಿಂತಿದ್ದೆನು. ಮಗಳು ನನ್ನ ಮುಖವನ್ನೇ ನೋಡುತ್ತಾ, "ಅಪ್ಪ, ನೀನೇನಾದ್ರೂ ಹೇಳು" ಎಂದಳು. ನಾನು ಹೇಳಲಿಲ್ಲ. ಡಾಕ್ಟರಮ್ಮ, ಮಾಡಿದವನಿಗೇ ಅನುಮಾನವಿದ್ದರೆ ನನಗೆ ಈ ಕೆಲಸ ಬೇಡ, ನಾಳೆ ಕಾರನ್ನು ಬೇರೆ ಕಡೆಗೆ ಎತ್ತಿಸಿಕೊಂಡು ಹೋಗುತ್ತೇನೆ ಎಂದು ಹೇಳಿ ಹೋದರು. ಸಂಜೆಯೊಳಗೆ ಬೀದಿಯ ಎಲ್ಲ ಶೆಡ್ಡುಗಳಿಗೂ ಅಳಿಯನ ಬೆಸುಗೆ ಕೆಟ್ಟಿತಂತೆ ಎಂಬ ಸುದ್ದಿ ಹಬ್ಬಿತು. ಪಕ್ಕದ ಶೆಡ್ಡಿನ ಟಯರಿನವನು ನನ್ನ ಹತ್ತಿರ ಬಂದು, "ನೀವು ಆವತ್ತೇ ಹೇಳಿದ್ರಿ ಬಿಡಿ ಮೇಸ್ತ್ರಿ" ಎಂದನು. ಏಳು ತಿಂಗಳು ಈ ಮಾತಿಗಾಗಿಯೇ ಕಾದಿದ್ದೆನು. ಕೇಳಿದ ಮೇಲೆ ಊಟ ಸೇರಲಿಲ್ಲ.

ಈ ದಿನ ಬೆಳಿಗ್ಗೆ ನಾನು ಮೊದಲು ಡಾಕ್ಟರಮ್ಮನ ಮನೆಗೆ ಹೋಗಿ, ಅವರನ್ನು ಜೊತೆಯಲ್ಲೇ ಠಾಣೆಗೆ ಕರೆದುಕೊಂಡು ಬಂದಿರುತ್ತೇನೆ. ಅಳಿಯನು ನಿನ್ನೆ ಬರೆಸಿದ್ದು ನಿಜವಲ್ಲ. ಅವನು ನನಗೆ ಏನೂ ಹೇಳಿರಲಿಲ್ಲ. ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚಿನಿಂದ ನಾನೇ ಕೆರೆದದ್ದು. ಮಡ್‌ಗಾರ್ಡಿಗೆ ಮತ್ತೆ ಬಣ್ಣ ಹೊಡೆಯುವ ಖರ್ಚು ನನ್ನದು. ಹಾಗಾದರೆ ಕೆಲಸ ಚೆನ್ನಾಗಿತ್ತೇ ಎಂದು ಡಾಕ್ಟರಮ್ಮ ಎಲ್ಲರೆದುರು ನನ್ನನ್ನು ಕೇಳಿದರು. ಚೆನ್ನಾಗಿತ್ತು ಎಂದೆನು. ನೀವು ಮಾಡುತ್ತಿದ್ದರೆ ಹೀಗೆ ಬರುತ್ತಿತ್ತೇ ಎಂದು ಕೇಳಿದರು. ಇಲ್ಲ ಎಂದೆನು. ಕಾರು ಅಳಿಯನ ಶೆಡ್ಡಿನಲ್ಲೇ ಇರಲಿ ಎಂದು ಅವರು ಹೇಳಿ, ದೂರನ್ನು ಮುಂದುವರಿಸುವುದಿಲ್ಲವೆಂದು ಬರೆದುಕೊಟ್ಟರು.

ಈ ಹೇಳಿಕೆಯನ್ನು ಪೇದೆಯವರು ನನಗೆ ಓದಿ ಹೇಳಿದರು. ಅಳಿಯನ ಕೆಲಸ ತೃಪ್ತಿಕರವಾಗಿತ್ತು ಎಂದು ಒಂದು ಕಡೆ ಬರೆದಿದ್ದರು. ಆ ಪದವನ್ನು ಹೊಡೆದುಹಾಕಿಸಿ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ, ನಾನು ಹುಡುಕಿ ನೋಡಿದ್ದೇನೆ ಎಂದು ಬರೆಸಿದ್ದೇನೆ. ಈಗ ಇಲ್ಲಿರುವುದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು, ಸತ್ಯವಾಗಿರುತ್ತದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ 14, ಗುರುವಾರ
ಸಹಿ: ಸುತ್ತಿಗೆ ಮೇಸ್ತ್ರಿ